ಅಳಿಯನ ಪರವಾನಗಿ

ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಗೆ ಹೊಂದಿಕೊಂಡ ಒಂದು ಗಲ್ಲಿಯಲ್ಲಿ ಕಾಂಚನಾಳ ಹೊಲಿಗೆ ಅಂಗಡಿ ಇದೆ. ಬ್ಲೌಸು, ಫಾಲು, ಪಿಕೋ. ಅಂಗಡಿ ಸಣ್ಣದು, ಬಾಯಿ ದೊಡ್ಡದು ಎಂದು ನಮ್ಮ ಸೊಸೈಟಿಯ ಹೆಂಗಸರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುತ್ತಲೇ ಬಟ್ಟೆ ತೆಗೆದುಕೊಂಡು ಅವಳ ಹತ್ತಿರವೇ ಹೋಗುತ್ತಾರೆ, ಅವಳು ಹೊಲಿದ ತೋಳು ಎಂದೂ ಬಿಗಿಯಾಗುವುದಿಲ್ಲವಲ್ಲ. ನಾನೂ ಹಾಗೆ ಹೋದವಳೇ. ಅಳತೆ ಕೊಡುತ್ತ ನಿಂತರೆ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅವಳು ಮುನಸಿಪಾಲ್ಟಿಯನ್ನು ಬಯ್ಯುತ್ತಿದ್ದಳು, ಲೋಕಲ್ ರೈಲನ್ನು ಬಯ್ಯುತ್ತಿದ್ದಳು, ಕೊನೆಗೆ ಗಂಡನನ್ನು ಬಯ್ಯುತ್ತಿದ್ದಳು. ಮೊದಲಿನೆರಡು ಸರಿ, ಗಂಡನನ್ನು ಯಾಕೆ ಎಂದು ಒಮ್ಮೆ ಕೇಳಿದೆ. ಸೂಜಿಗಳನ್ನು ಬಾಯಿಂದ ತೆಗೆದಿಟ್ಟು ಹೇಳಿದಳು:

"ಅವಂಗ ಸಿಟ್ಟಽ ಬರೂದಿಲ್ರೀ ಅಕ್ಕಾರ. ಮನ್ಯಾಗ ಇಬ್ಬರ ಸಿಟ್ಟೂ ನಾ ಒಬ್ಬಾಕೀನಽ ಮಾಡ್ಬೇಕು."

ಅವಳ ತಂದೆ ಗುರುಪಾದಪ್ಪ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನವರು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದರು. ತಾಯಿ ಕಲ್ಲವ್ವ. ಕಾಂಚನಾ ಹುಟ್ಟಿದ್ದು, ಮರಾಠಿ ಶಾಲೆ ಕಲಿತದ್ದು, ಹೊಲಿಗೆ ಹಿಡಿದದ್ದು ಎಲ್ಲ ಇಲ್ಲಿಯೇ. ಲೈನಿಂಗ್ ಬಟ್ಟೆ ತರಲು ಉಲ್ಹಾಸನಗರಕ್ಕೆ ಹೋಗುತ್ತಿದ್ದಳು. ಅಲ್ಲಿಯ ಅಂಗಡಿಯೊಂದರಲ್ಲಿ ಹರೇಶ್ ಬಟ್ಟೆ ಕತ್ತರಿಸಿ ಕೊಡುತ್ತಿದ್ದ. ಒಂದು ಸಲ ಇವಳು ಬಣ್ಣ ಹೊಂದಲಿಲ್ಲವೆಂದು ವಾಪಸು ಒಯ್ದಳು, ಬದಲಿಸಿ ಕೊಟ್ಟ. ಅದೂ ಹೊಂದಲಿಲ್ಲ, ಮತ್ತೆ ಬದಲಿಸಿ ಕೊಟ್ಟ. ಮೂರನೇ ಸಲ ಮಾಲೀಕ ಕೂಗಾಡಿದರೂ ಹರೇಶ್ ಮಾತ್ರ ಮಾಳಿಗೆ ಹತ್ತಿ, ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಬಟ್ಟೆಯ ಸುರುಳಿ ಇಳಿಸಿದ. ಇಷ್ಟು ತಾಳ್ಮೆಯ ಗಂಡಸನ್ನು ಅವಳು ನೋಡಿರಲಿಲ್ಲ. ಆ ತಾಳ್ಮೆ ಎಲ್ಲಿಂದ ಬಂತು ಎಂಬುದು ಆಗ ಗೊತ್ತಿರಲಿಲ್ಲ.

ಉಲ್ಹಾಸನಗರದಲ್ಲಿ ಸಿಂಧಿಗಳು ಎಲ್ಲೆಲ್ಲೂ ಇದ್ದಾರೆ. ಹೆಚ್ಚಿನವರ ಅಜ್ಜಂದಿರು ದೇಶ ಒಡೆದಾಗ ಬಂದವರು. ಹರೇಶ್ ಹಾಗಲ್ಲ. ಅವನು ಹುಟ್ಟಿದ್ದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ಯಾತ್ರೆಯ ವೀಸಾದಲ್ಲಿ ಬಂದ. ಊರಿನಲ್ಲಿದ್ದ ಕಿರಾಣಿ ಅಂಗಡಿಗೆ ಬೆಂಕಿ ಬಿದ್ದಿತ್ತು, ಹಿಂತಿರುಗುವ ಧೈರ್ಯ ಯಾರಿಗೂ ಇರಲಿಲ್ಲ. ಇಲ್ಲಿ ದೀರ್ಘಾವಧಿ ವೀಸಾ ಸಿಕ್ಕಿತು. ಅದನ್ನು ಆಗಾಗ ಮುಂದುವರಿಸಿಕೊಳ್ಳಬೇಕು. ಮನೆ ಬದಲಿಸಿದರೆ ಪೊಲೀಸರಿಗೆ ಹೇಳಬೇಕು. ರಾಜ್ಯ ದಾಟಬೇಕಾದರೆ ಮೊದಲು ಪರವಾನಗಿ ಪಡೆಯಬೇಕು. ಅವನ ತಂದೆತಾಯಿ ಇಬ್ಬರೂ ಇಲ್ಲಿಯೇ, ವೀಸಾದ ಮೇಲೆಯೇ ತೀರಿಕೊಂಡರು. ಅವರನ್ನು ಸುಟ್ಟು ಬಂದ ಮರುದಿನ ಅವನು ಪೊಲೀಸ್ ಠಾಣೆಗೆ ಹೋಗಿ, ಇನ್ನು ಈ ಇಬ್ಬರು ಪರದೇಶಿಗಳು ಇಲ್ಲ ಎಂದು ಬರೆದುಕೊಟ್ಟು ಬಂದಿದ್ದ.

ಮದುವೆಯ ಮಾತು ಗುರುಪಾದಪ್ಪನ ಕಿವಿಗೆ ಬಿತ್ತು.

"ಸಿಂಧಿ ಅಂದ್ರ ಹೂಂ ಅಂತಿದ್ನಿ," ಅಂದರು. "ಪಾಕಿಸ್ತಾನ ಅಂದ್ರ ವಿಜಾಪುರದಾಗ ಯಾರಿಗೆ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ," ಅಂದಳು ಕಲ್ಲವ್ವ. "ಉಲ್ಹಾಸನಗರದಾವ್ರು ಅಂದ್ರ ಆತು."

ಡೊಂಬಿವಲಿಯಲ್ಲೇ ಮದುವೆಯಾಯಿತು. ಊರಿನಿಂದ ಬಂದವರು ಹುಡುಗ ಕೆಂಪಗೆ ಚೆಂದ ಇದ್ದಾನೆ ಎಂದು ಹೊಗಳಿ, ಉಂಡು ಹೋದರು. ಆಮೇಲೆ ಶುರುವಾಯಿತು ಕಲ್ಲವ್ವನ ಕಷ್ಟ. ಅಳಿಯ ಯಾಕೆ ಊರಿಗೆ ಬರುವುದಿಲ್ಲ? ಪ್ರತಿ ಮದುವೆಗೆ, ಪ್ರತಿ ತೊಟ್ಟಿಲಿಗೆ ಒಂದೊಂದು ಸುಳ್ಳು ಹುಟ್ಟಬೇಕಾಯಿತು. ರಜೆ ಇಲ್ಲ, ಮಾಲೀಕ ಬಿಡುವುದಿಲ್ಲ, ಕಾಲು ಉಳುಕಿದೆ, ಕಾಮಾಲೆಯಾಗಿದೆ. ಅಳಿಯನಿಗೆ ಸೊಕ್ಕು, ನಮ್ಮ ಬಡ ಊರು ಅವನಿಗೆ ಒಗ್ಗುವುದಿಲ್ಲ ಎಂದು ವಿಜಾಪುರದ ಬಳಗ ತೀರ್ಮಾನಿಸಿತು. ಹರೇಶನೋ, ಅತ್ತೆಗಾಗಿ ಕನ್ನಡ ಕಲಿತು, "ಅವ್ವಾ, ಚಾ ಕುಡೀರಿ" ಎಂದು ಅವಳದೇ ಧಾಟಿಯಲ್ಲಿ ಹೇಳುವಷ್ಟಾಗಿದ್ದ.

ಕಾಂಚನಾಳ ತಮ್ಮ ರವಿಕಿರಣ್ ರಬಾಳೆಯ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾನೆ. ಅವನಿಗೆ ವಿಜಾಪುರದ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ಮದುವೆಗೆ ಎರಡು ತಿಂಗಳಿರುವಾಗಲೇ ಹರೇಶ್ ಪರವಾನಗಿಗೆ ಅರ್ಜಿ ಹಾಕಿದ. ವಾರ ವಾರ ಹೋಗಿ ಕೇಳಿದ. "ಉದ್ಯಾ ಯಾ," ನಾಳೆ ಬಾ, ಅನ್ನುತ್ತಿದ್ದರು. ಮದುವೆಯ ಹಿಂದಿನ ದಿನ ಕಾಂಚನಾ ಮಗಳು ದಿಶಾಳನ್ನು ಕರೆದುಕೊಂಡು ರೈಲು ಹತ್ತಿದಳು. ಹರೇಶ್ ಕಲ್ಯಾಣ್ ಸ್ಟೇಷನ್ನಿಗೆ ಬಂದು ಚೀಲಗಳನ್ನು ಸೀಟಿನ ಕೆಳಗೆ ಇಟ್ಟುಕೊಟ್ಟು, ಕೈಬೀಸಿ ಹೋದ.

ವಿಜಾಪುರದಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದವು. ಆಯೇರಿಯ ಉಡುಗೊರೆ ಕೊಡುವ ಹೊತ್ತಾಯಿತು. ಅಳಿಯನಿಗೆ ಬಟ್ಟೆ ಕೊಡುವುದು ರೂಢಿ. ಗುರುಪಾದಪ್ಪನ ತಮ್ಮ ಶಿವರಾಜ, ಕಾಂಚನಾಳ ಕಾಕಾ, ಮೈಕಿನ ಹತ್ತಿರ ನಿಂತು ಹೆಸರು ಕರೆಯುತ್ತಿದ್ದ. ಅಳಿಯನ ಹೆಸರು ಕರೆದ. ಯಾರೂ ಬರಲಿಲ್ಲ.

"ಮತ್ತ ಬಂದಿಲ್ಲೇನು?" ಎಂದು ಸೋದರತ್ತೆ ಸಾಬವ್ವ ಕೇಳಿದಳು.

"ಕಾಮಾಲಿ ಆಗೇದ," ಅಂದಳು ಕಲ್ಲವ್ವ.

"ಹೋದ ವರ್ಷ ಬಾಗೀ ಮಗಳ ಲಗ್ನಕ್ಕೂ ಕಾಮಾಲಿನಽ ಇತ್ತಲ್ಲ! ಇಷ್ಟ ಸಲ ಕಾಮಾಲಿ ಆದ ಮನಶ್ಯಾ ಬದಕ್ತಾನೇನು?"

ಹೆಂಗಸರು ನಕ್ಕರು. ಕಲ್ಲವ್ವ ಸೆರಗಿನ ತುದಿ ಹಿಡಿದು ತಿರುಚತೊಡಗಿದಳು. ಬೆಳಗಿನಿಂದ ಇದೇ ಪ್ರಶ್ನೆಯನ್ನು ಕೇಳಿ ಕೇಳಿ ಕಾಂಚನಾಳ ತಲೆ ಕೆಟ್ಟಿತ್ತು. ಕಾಕಾನ ಪಕ್ಕದಲ್ಲೇ ನಿಂತಿದ್ದವಳು ಹೇಳಿಬಿಟ್ಟಳು:

"ಅವಂಗ ಏನೂ ಆಗಿಲ್ಲ. ಗಟ್ಟಿ ಅದಾನ. ಅಂವಾ ಪಾಕಿಸ್ತಾನದಾಗ ಹುಟ್ಟ್ಯಾನ. ಮಹಾರಾಷ್ಟ್ರ ದಾಟಬೇಕಂದ್ರ ಪೊಲೀಸರ ಪರವಾನಗಿ ಬೇಕು. ಅವ್ರು ಕೊಟ್ಟಿಲ್ಲ. ಅದಕ್ಕ ಬಂದಿಲ್ಲ. ಇನ್ನ ಯಾರೂ ನಮ್ಮವ್ವನ್ನ ಕೇಳಬ್ಯಾಡ್ರಿ!"

"ಕಾಂಚನಾ," ಅಂದ ಶಿವರಾಜ ಕಾಕಾ, "ಮೈಕ್ ಚಾಲೂ ಐತಿ."

ಊಟದ ಪಂಕ್ತಿಯಲ್ಲಿ ಕೂತವರ ಕೈ ನಿಂತಿತ್ತು. ಬೀಗರ ಕಡೆಯ ಹಿರಿಯನೊಬ್ಬ ಮೆಲ್ಲಗೆ ಬಂದು, ಮುಸಲ್ಮಾನರೇನು ಎಂದು ಕೇಳಿದ. ಅಲ್ಲ, ಹಿಂದೂ ಅಂದಳು. ಪಾಕಿಸ್ತಾನದಾಗ ಹಿಂದೂಗಳು ಇರ್ತಾರೇನು ಎಂದ. ಇರ್ತಾರ ಅಂದಳು. ಹಾಗಾದರೆ ಇಲ್ಲಿ ಯಾಕೆ ಬಂದರು ಎಂದ. "ನನ್ನ ಲೈನಿಂಗ್ ಬಟ್ಟಿ ಕತ್ತರಸಾಕ," ಅಂದು ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೀಗರು ಮದುವೆ ಮುರಿಯಲಿಲ್ಲ, ಅಕ್ಕಿಕಾಳು ಬಿದ್ದಾಗಿತ್ತು. ಆದರೆ ರವಿಕಿರಣ್ ಅಕ್ಕನ ಜೊತೆ ಮಾತು ಬಿಟ್ಟ. ಹೆಂಡತಿಯ ಮನೆಯವರೆದುರು ತನ್ನ ಮಾನ ಹೋಯಿತೆಂದ. ಕಲ್ಲವ್ವ ಮಗಳ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ಇಷ್ಟು ವರ್ಷ ಕಷ್ಟಪಟ್ಟು ಸಾಕಿದ ಸುಳ್ಳುಗಳನ್ನು ಮಗಳು ಒಂದೇ ಮಾತಿನಲ್ಲಿ ಕೊಂದಳೆಂದು ಅವಳಿಗೆ ಸಂಕಟ. ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಇಳಿದು ಉಲ್ಹಾಸನಗರದ ತಮ್ಮ ಮನೆಗೆ ನಡೆಯುವಾಗ ಕಾಂಚನಾ ಇದನ್ನೆಲ್ಲ ಗಂಡನಿಗೆ ಹೇಳಿದರೆ, ಅವನು, "ಹೋ ಜಾಯೇಗಾ. ಎಲ್ಲಾ ಸರಿ ಆಗ್ತದ" ಅಂದ. ಅವಳು ರಸ್ತೆಯಲ್ಲೇ ನಿಂತು ಅವನನ್ನು ಬಯ್ದಳು.

ಅದೇ ವರ್ಷ ಅವನ ಪಾಕಿಸ್ತಾನದ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ವೀಸಾ ಮುಂದುವರಿಸುವ ಸಮಯವೂ ಆಗಲೇ ಬಂತು. ಇಲ್ಲಿಂದ ಮುಂದಿನದನ್ನು ಕಾಂಚನಾ ನನಗೆ ಹೇಳಿದ್ದು ನನ್ನ ಬ್ಲೌಸಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ.

"ಇದು ಮೊದಲನೇ ಟೇಬಲ್ಲು. ಇಲ್ಲಿ ವೀಸಾ ಮುಂದುವರಸ್ರಿ ಅಂದ್ರ, ಪಾಸ್‌ಪೋರ್ಟ್ ಮುಗದೈತಿ, ಹೊಸಾದು ಮಾಡಿಸ್ಕೊಂಡ ಬಾ ಅಂತಾರ. ಹೊಸಾದು ಮಾಡ್ಸಾಕ ದಿಲ್ಲಿಗೆ, ಪಾಕಿಸ್ತಾನದವರ ಕಚೇರಿಗೆ ಹೋಗಬೇಕು. ದಿಲ್ಲಿಗೆ ಹೋಗಬೇಕಂದ್ರ ಪರವಾನಗಿ ಬೇಕಲ್ರೀ, ಅದಕ್ಕ ಈ ಎರಡನೇ ಟೇಬಲ್ಲು. ಇಲ್ಲಿ ಏನಂತಾರ? ನಿನ್ನ ವೀಸಾ ಮುಗದೈತಿ, ವೀಸಾ ಇಲ್ಲದಾವಂಗ ಪರವಾನಗಿ ಕೊಡೂದಿಲ್ಲ, ಮೊದಲ ವೀಸಾ ಮುಂದುವರಸ್ಕೊಂಡ ಬಾ. ತಿರಿಗಿ ಮೊದಲನೇ ಟೇಬಲ್ಲು!"

ಬಟ್ಟೆಯ ಮೇಲೆ ಒಂದು ದುಂಡನೆಯ ಗೆರೆ ಬಿದ್ದಿತ್ತು. ಅವಳು ಅದನ್ನು ಅಂಗೈಯಿಂದ ಉಜ್ಜಿದಳು. ಅದು ಇನ್ನಷ್ಟು ಹರಡಿತು.

ಪೊಲೀಸರ ಪರದೇಶಿ ನೋಂದಣಿ ಕಚೇರಿಯಲ್ಲಿ ಆ ಎರಡು ಟೇಬಲ್ಲುಗಳ ನಡುವೆ ಒಂದು ಓಣಿ, ಒಂದು ಕುಡಿಯುವ ನೀರಿನ ಕ್ಯಾನು, ಅಷ್ಟೇ ಅಂತರ. ಆದರೂ ಒಂದು ಟೇಬಲ್ಲಿನವರು ಎದ್ದು ಹೋಗಿ ಇನ್ನೊಂದು ಟೇಬಲ್ಲಿನವರನ್ನು ಕೇಳಲಿಲ್ಲ. ಕೇಳಿ ಎಂದು ಕಾಂಚನಾ ಹೇಳಿದಾಗ, ಅದು ನಮ್ಮ ಕೆಲಸವಲ್ಲ ಎಂದರು. ಇವಳೇ ಒಬ್ಬರನ್ನು ಕರೆತರಲು ಹೋದಾಗ, ಹೆಂಡತಿ ಒಳಗೆ ಬರಬಾರದು, ಅರ್ಜಿದಾರ ಮಾತ್ರ ಬರಲಿ ಎಂದರು. ಅರ್ಜಿದಾರ ಒಳಗೆ ಹೋಗಿ ಕೈಮುಗಿದು ನಿಂತು, ಅವರು ಹೇಳಿದ್ದಕ್ಕೆಲ್ಲ "ಜೀ ಸಾಹೇಬ್" ಎಂದು, ಹೇಗೆ ಹೋಗಿದ್ದನೋ ಹಾಗೆಯೇ ಹೊರಗೆ ಬಂದ. ಅವಧಿ ಮುಗಿಯುವ ಮೊದಲು ಹಾಕಿದ್ದ ಅರ್ಜಿಯ ರಸೀದಿಯೊಂದು ಮಾತ್ರ ಅವನ ಕೈಯಲ್ಲಿತ್ತು. ಹೀಗೆ ಒಂದು ವರ್ಷಕ್ಕೂ ಮೇಲಾಯಿತು.

ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ, ಉಗ್ರರ ದಾಳಿಯೊಂದರ ನಂತರ, ಪಾಕಿಸ್ತಾನದವರೆಲ್ಲ ದೇಶ ಬಿಡಬೇಕೆಂಬ ಆಜ್ಞೆ ಟೀವಿಯಲ್ಲಿ ಬಂತು. ದೀರ್ಘಾವಧಿ ವೀಸಾ ಇರುವ ಹಿಂದೂಗಳಿಗೆ ಇದು ಅನ್ವಯಿಸುವುದಿಲ್ಲ ಎಂದೂ ಬಂತು. ಅಕ್ಕಪಕ್ಕದ ಸಿಂಧಿ ಮನೆಗಳಲ್ಲಿ ಜನ ಸಮಾಧಾನದ ಉಸಿರು ಬಿಟ್ಟರು. ಆದರೆ ಹರೇಶನಿಗೆ ದೀರ್ಘಾವಧಿ ವೀಸಾ ಇದೆಯೋ ಇಲ್ಲವೋ? ಅವಧಿ ಮುಗಿದಿತ್ತು. ಅರ್ಜಿ ಹಾಕಿತ್ತು. ಉತ್ತರ ಬಂದಿರಲಿಲ್ಲ. ಅವನು ಇದ್ದವರ ಪೈಕಿಯೋ ಇಲ್ಲದವರ ಪೈಕಿಯೋ ಎಂದು ಯಾರಿಗೂ ಹೇಳಲಾಗಲಿಲ್ಲ.

ಕಾಂಚನಾ ಅಂಗಡಿಯಲ್ಲಿದ್ದಾಗ ಕಾನ್‌ಸ್ಟೇಬಲ್ ಮನೆಗೆ ಬಂದ. ಬಾಗಿಲು ತೆಗೆದವಳು ದಿಶಾ. ಅಪ್ಪ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ, ಅಂಗಡಿಯಲ್ಲಿ ಎಂದು ಇವಳೂ ಮರಾಠಿಯಲ್ಲಿ ಹೇಳಿದಳು. ನಾಳೆ ಬೆಳಿಗ್ಗೆ ಎಲ್ಲ ಕಾಗದ ತೆಗೆದುಕೊಂಡು ಬರಲು ಹೇಳು, ಸಾಮಾನು ಕಟ್ಟಿಟ್ಟುಕೊಂಡರೆ ಒಳ್ಳೆಯದು ಎಂದು ಹೇಳಿ ಹೋದ. ಒರಟಾಗೇನೂ ಹೇಳಲಿಲ್ಲವಂತೆ. ನೀರು ಕೇಳಿ ಕುಡಿದು ಹೋದನಂತೆ.

ಸಂಜೆ ಕಾಂಚನಾ ಮನೆಗೆ ಬಂದಾಗ ಹರೇಶ್ ಮಂಚದ ಮೇಲೆ ಚೀಲ ತೆರೆದಿಟ್ಟುಕೊಂಡು ಅಂಗಿಗಳನ್ನು ಮಡಚಿ ಇಡುತ್ತಿದ್ದ. ಅಂಗಡಿಯಲ್ಲಿ ಬಟ್ಟೆ ಮಡಚುವಂತೆಯೇ, ಅಂಚಿಗೆ ಅಂಚು ಕೂಡಿಸಿ. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಎಲ್ಲವನ್ನೂ ನೆಲಕ್ಕೆ ಸುರಿದಳು.

"ಯಾರೋ ಬಂದು ಕಟ್ಟು ಅಂದ್ರ ಕಟ್ಟಾಕ ಕುಂತೀಯೇನು? ಯಾಕ ಹೋಗಬೇಕು, ಎಲ್ಲಿಗೆ ಹೋಗಬೇಕು ಅಂತ ಒಂದ ಮಾತು ಕೇಳ್ಲಿಕ್ಕೆ ಬರೂದಿಲ್ಲ ನಿನಗ? ಅಲ್ಲಿ ನಿನ್ನ ಮನಿ ಐತೇನು? ಮಂದಿ ಅದಾರೇನು?"

ಹರೇಶ್ ನೆಲದ ಮೇಲಿನ ಅಂಗಿಗಳನ್ನು ಒಂದೊಂದಾಗಿ ಎತ್ತತೊಡಗಿದ.

"ಮಾತಾಡು!" ಎಂದು ಕಿರುಚಿದಳು.

"ನೀನು ಚೀರ್ತೀ ಕಾಂಚನಾ," ಅಂದ, ಅವಳಿಂದಲೇ ಕಲಿತ ಕನ್ನಡದಲ್ಲಿ. "ಚೀರು. ನಿಂಗ ಯಾರೂ ಏನೂ ಮಾಡೂದಿಲ್ಲ. ನೀ ಇಲ್ಲೀಕಿ. ನಾ ಒಂದು ಸಲ ಚೀರಿದ್ರ ಅವ್ರು ಫೈಲ್‌ನಾಗ ಬರೀತಾರ. ಆದಮ್ಯಾಲ ಆ ಫೈಲ್ ಯಾರು ತೆಗೀಲಿ, ಅದಽ ಮೊದಲು ಕಾಣ್ತದ. ನಾ ಸಣ್ಣಾಂವ ಇದ್ದಾಗಿಂದ ನಮ್ಮಪ್ಪ ಹೇಳ್ತಿದ್ದ, ಆವಾಜ್ ನೀಚೀ ರಖ್, ದನಿ ಸಣ್ಣ ಇಡು ಅಂತ. ನಂಗ ಸಿಟ್ಟು ಬರೂದಿಲ್ಲಂತ ಯಾರು ಹೇಳಿದ್ರು?"

ಅಷ್ಟು ಉದ್ದಕ್ಕೆ ಅವನು ಕನ್ನಡ ಮಾತಾಡಿದ್ದು ಅದೇ ಮೊದಲು. ಬಾಗಿಲ ಹತ್ತಿರ ನಿಂತಿದ್ದ ದಿಶಾ, "ಪಪ್ಪಾ ಕಹಾಂ ಜಾಯೇಂಗೇ, ಮಮ್ಮೀ?" ಎಂದು, ಅಪ್ಪ ಎಲ್ಲಿಗೆ ಹೋಗುತ್ತಾನೆಂದು, ಕೇಳಿದಳು. ಕಾಂಚನಾ ಕೂತು ತಾನೂ ಅಂಗಿಗಳನ್ನು ಮಡಚಿದಳು, ಆದರೆ ಚೀಲಕ್ಕೆ ಹಾಕದೆ ಕಪಾಟಿನಲ್ಲಿಟ್ಟಳು.

ಮರುದಿನ ಕಚೇರಿಯ ಬೆಂಚಿನ ಮೇಲೆ ಜಾಗವಿರಲಿಲ್ಲ. ಪಕ್ಕದಲ್ಲಿ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಕೂತಿದ್ದಳು. ಕಲ್ಯಾಣಕ್ಕೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡವಳು, ಹುಟ್ಟಿದ್ದು ಮಾತ್ರ ಕರಾಚಿಯಲ್ಲಿ. ಅವಳ ಕಾಲ ಬಳಿ ಕಟ್ಟಿದ ಚೀಲವಿತ್ತು. ಇವರಿಗಿಂತ ಮೊದಲು ಅವಳನ್ನು ಒಳಗೆ ಕರೆದರು. ಇನ್ನೊಂದು ಬಾಗಿಲಿನಿಂದ ಕಳಿಸಿದರೋ ಏನೋ, ಅವಳು ಮತ್ತೆ ಈ ಕಡೆ ಬರಲಿಲ್ಲ. ಅವಳಿಗೆ ಏನಾಯಿತೆಂದು ಕಾಂಚನಾಳಿಗೆ ಇಂದಿಗೂ ಗೊತ್ತಿಲ್ಲ.

ಆ ತಿಂಗಳಷ್ಟೇ ವರ್ಗವಾಗಿ ಬಂದ ಹೆಂಗಸೊಬ್ಬರು ಅಧಿಕಾರಿಯ ಕುರ್ಚಿಯಲ್ಲಿದ್ದರು. ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದುವ ಅಧಿಕಾರಿಯನ್ನು ಹರೇಶ್ ನೋಡಿದ್ದು ಅದೇ ಮೊದಲಂತೆ.

"ರಸೀದಿ ಇದೆಯಲ್ಲ," ಅಂದರು ಹಿಂದಿಯಲ್ಲಿ. "ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದೀರಿ. ಅರ್ಜಿ ಬಾಕಿ ಇರುವವರೆಗೆ ನೀವು ವೀಸಾ ಇದ್ದವರೇ. ಪಾಸ್‌ಪೋರ್ಟ್ ಮುಗಿದಿದ್ದರೆ ಅದಕ್ಕೊಂದು ಅಫಿಡವಿಟ್ ಕೊಡಿ, ಸಾಕು. ದಿಲ್ಲಿಗೆ ಹೋಗು ಅಂತ ಯಾರು ಹೇಳಿದರು ನಿಮಗೆ?"

ಹರೇಶ್ ಕೈಮುಗಿದ. ಕಾಂಚನಾ ಯಾರೂ ಕರೆಯದೆ ಒಳಗೆ ನುಗ್ಗಿದ್ದಳು. ಓಣಿಯ ಕಡೆ ಕೈ ಮಾಡಿ, "ಆ ಟೇಬಲ್ಲು, ಈ ಟೇಬಲ್ಲು! ಒಂದು ವರ್ಷದಿಂದ ಸುತ್ತುತ್ತಿದ್ದೇವೆ ಮ್ಯಾಡಮ್!" ಎಂದಳು.

"ಆಗ ನಾನು ಇಲ್ಲಿರಲಿಲ್ಲ," ಅಂದರು ಅಧಿಕಾರಿ, ಮತ್ತು ಮುಂದಿನ ಫೈಲನ್ನು ಎಳೆದುಕೊಂಡರು.

ಹೊರಗೆ ಬಂದು ಕಾಂಚನಾ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ದಾಟಿಹೋದವರು, ಇವಳ ಗಂಡನನ್ನು ಕಳಿಸಿಬಿಟ್ಟರೆಂದು ತಿಳಿದು ಅಯ್ಯೋ ಪಾಪ ಅಂದರು. ಹರೇಶ್ ಎದುರಿನ ಗಾಡಿಯಿಂದ ಕಬ್ಬಿನ ಹಾಲು ತಂದ. ಬೇಡ ಅಂದಳು. ಅವನು ಗ್ಲಾಸು ಹಿಡಿದುಕೊಂಡೇ ನಿಂತ. ಬರ್ಫ ಕರಗುವವರೆಗೆ ನಿಂತ. ಕೊನೆಗೆ ಕಸಿದುಕೊಂಡು ಕುಡಿದಳು.

ವೀಸಾ ಮುಂದುವರಿದ ಕಾಗದ ಮಳೆಗಾಲದಲ್ಲಿ ಕೈಗೆ ಬಂತು. ಈ ವರ್ಷದ ಆರಂಭದಲ್ಲಿ ರವಿಕಿರಣನ ಹೆಂಡತಿ ತವರಿನಲ್ಲಿ ಹೆಣ್ಣು ಹಡೆದಳು. ಮಾತು ಬಿಟ್ಟಿದ್ದ ತಮ್ಮ ಅಂಗಡಿಗೇ ಬಂದು, ಕತ್ತರಿಸಿದ ಬಟ್ಟೆಗಳ ನಡುವೆ ನಿಂತು ಹೇಳಿದ: "ಅಕ್ಕಾ, ಕೂಸಿಗೆ ಹೆಸರು ನೀನಽ ಇಡಬೇಕು. ಹರೇಶ್ ಮಾಮಾನ್ನೂ ಕರ್ಕೊಂಡ ಬಾ. ಅವನ ಪರವಾನಗಿ ಸಲುವಾಗಿ ಒಂದ ತಿಂಗಳ ಮುಂದಕ್ಕ ಹಾಕೇವಿ." ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಅವಳಿಲ್ಲದೆ ತೊಟ್ಟಿಲು ತೂಗುವಂತಿಲ್ಲ.

ಈ ಸಲ ಪರವಾನಗಿ ಸಿಕ್ಕಿತು. ಒಂದು ವಾರಕ್ಕೆ ಮಾತ್ರ. ವಿಜಾಪುರ ಮುಟ್ಟಿದ ಕೂಡಲೇ ಅಲ್ಲಿಯ ಠಾಣೆಗೆ ಹೋಗಿ ಬಂದಿದ್ದೇನೆಂದು ಹೇಳಬೇಕು, ಹೊರಡುವಾಗ ಹೋಗುತ್ತಿದ್ದೇನೆಂದು ಹೇಳಬೇಕು. ರೈಲು ಸೊಲ್ಲಾಪುರ ದಾಟುವಾಗ ಹರೇಶ್ ಪರವಾನಗಿಯ ಕಾಗದವನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಟಿಕೆಟ್ ನೋಡುವವರು ಬಂದಾಗ ಟಿಕೆಟ್ಟಿನ ಬದಲು ಅದನ್ನೇ ತೋರಿಸಿದ.

ಸ್ಟೇಷನ್ನಿಗೆ ಶಿವರಾಜ ಕಾಕಾ ಕಾರು ತಂದಿದ್ದ. ಮೊದಲು ಠಾಣೆಗೆ ಹೋಗೋಣ ಎಂದಳು ಕಾಂಚನಾ.

"ಐದ ಮಿನಿಟಿನ ಕೆಲಸ," ಅಂದ ಕಾಕಾ. "ನನಗ ಅಲ್ಲಿ ಎಲ್ಲಾರೂ ಗೊತ್ತದಾರ."

ಗೊತ್ತಿದ್ದವರು ಯಾರೂ ಡ್ಯೂಟಿಯ ಮೇಲೆ ಇರಲಿಲ್ಲ. ಇದ್ದವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಂಥದನ್ನು ಯಾವ ಪುಸ್ತಕದಲ್ಲಿ ಬರೆಯಬೇಕೆಂದು ಅವರಿಗೆ ತಿಳಿಯಲಿಲ್ಲ. ಎಲ್ಲಿಗೋ ಫೋನು ಮಾಡಿದರು. ಅವರು ಇನ್ನೆಲ್ಲಿಗೋ ಮಾಡಿದರು. ಹೊತ್ತು ಏರಿತು. ಅತ್ತ ಬೀಗರ ಮನೆಯಿಂದ ಸಾಬವ್ವ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಳು: ತೊಟ್ಟಿಲು ಕಟ್ಟ್ಯಾರ, ಮಂದಿ ಕೂಡ್ಯಾರ, ಹೆಸರಿಡೋ ಅತ್ತಿ ಎಲ್ಲಿ?

ಕಾಕಾನ ಮುಖ ಕೆಂಪೇರಿತು. ಎದ್ದು ಟೇಬಲ್ಲಿನ ಮುಂದೆ ನಿಂತ.

"ಏನ್ರೀ ಇದು? ನಮ್ಮ ಮನಿ ಅಳಿಯ್ರೀ ಇಂವಾ! ಕಳ್ಳನಽ, ಸುಳ್ಳನಽ? ಕೂಸಿಗೆ ಹೆಸರಿಡಾಕ ಬಂದಾವ್ರನ್ನ ಎಷ್ಟೊತ್ತು ಕುಂಡ್ರಸ್ತೀರಿ?"

"ಕಾಕಾ, ಕುಂಡ್ರರಿ. ಆಗ್ತದ," ಅಂದ ಹರೇಶ್.

ಕಾಕಾ ಕೂರಲಿಲ್ಲ. ಕಾಂಚನಾಳ ಕಡೆ ತಿರುಗಿ, "ಇದೇನವ್ವಾ ಇದು! ಒಂದ ಮುಂಜಾನಿಗಽ ನನ್ನ ತಲಿ ಕೆಟ್ಟಹೋತು. ನೀವು ದಿನಾ ಹೆಂಗ ಮಾಡ್ತೀರಿ?" ಎಂದ. ಅವಳಿಗೆ ನಗು ಬಂತು. ಠಾಣೆಯ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ಹಿಡಿದು ನಕ್ಕಳು. ಅಂತೂ ಕಾಗದದ ಮೇಲೆ ಠಾಣೆಯ ಮೊಹರು ಬಿತ್ತು.

ಅವರು ಮನೆ ಮುಟ್ಟಿದಾಗ ಕೂಸು ಅತ್ತು ದಣಿದು ಮಲಗಿತ್ತು. ಕಲ್ಲವ್ವ ಅಳಿಯನನ್ನು ಕೈಹಿಡಿದು ಒಳಗೆ ಕರೆದೊಯ್ದು ಎಲ್ಲರೆದುರು ಮಣೆಯ ಮೇಲೆ ಕೂರಿಸಿದಳು. ಕಾಂಚನಾ ಕೈಕಾಲು ತೊಳೆದು ಬಂದು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹಿಂದಿನಿಂದ ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು. ಕಾಯಿಸಿದ್ದಕ್ಕೆಂದು ಎರಡು ಗುದ್ದು ಜಾಸ್ತಿಯೇ ಬಿದ್ದವು. ಸ್ನೇಹಲ್ ಎಂದು ಹೆಸರು. ಸಾಬವ್ವನ ಬಾಯಿಗೆ ಅದು ತಿರುಗದೆ ಸೇನಾಲ ಆಯಿತು.

ಊಟದ ಹೊತ್ತಿಗೆ ಶಿವರಾಜ ಕಾಕಾ ಠಾಣೆಯಲ್ಲಿ ಆದದ್ದನ್ನು ಪಂಕ್ತಿಯಿಂದ ಪಂಕ್ತಿಗೆ ಹೇಳುತ್ತ ಹೋಗಿದ್ದ. ಹೇಳಿದಷ್ಟೂ ಅವನ ದನಿ ಏರುತ್ತಿತ್ತು. ಬೀಗರ ಕಡೆಯವರೂ, ಇದು ಭಾಳ ಆತು, ಮನಶ್ಯಾ ಅಂದ ಮ್ಯಾಲ ನಾಲ್ಕ ಊರು ತಿರಗಬ್ಯಾಡೇನು ಎನ್ನುತ್ತಿದ್ದರು. ಹೊರಡುವ ದಿನ ಮತ್ತೆ ಠಾಣೆಗೆ ಹೋಗಿ ಹೇಳಬೇಕೆಂದು ತಿಳಿದು, ತಾನೂ ಬರುತ್ತೇನೆ ಎಂದು ಕಾಕಾ ಹಟ ಹಿಡಿದ.

"ಬ್ಯಾಡ ಕಾಕಾ," ಅಂದಳು ಕಾಂಚನಾ. "ನೀ ಬಂದ್ರ ಇನ್ನೂ ತಡಾ ಆಗ್ತದ."

ಹರೇಶ್ ತಲೆ ಬಗ್ಗಿಸಿಕೊಂಡು ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುತ್ತಿದ್ದ.